ಬುರುಡೆ ಸೋರೆಯ ಬೀಜ

ಹೊಸದುರ್ಗದಲ್ಲಿ ನಾನೂ ನಮ್ಮ ಮನೆಯವರೂ ಸೇರಿ ಬಹಳ ವರ್ಷ ಫೋಟೋ ಸ್ಟುಡಿಯೋ ನಡೆಸಿದೆವು. ಅವರು ಕ್ಯಾಮೆರಾ ಹಿಡಿಯುತ್ತಿದ್ದರು. ನಾನು ಬಂದವರ ಸೆರಗು ಸರಿಮಾಡಿ, ಗಲ್ಲ ಒಂಚೂರು ಎತ್ತಿಸಿ, ಬೆಳಕು ಯಾವ ಕಡೆಯಿಂದ ಬಿದ್ದರೆ ಮುಖ ತುಂಬಿಕೊಂಡು ಕಾಣುತ್ತದೆ ಅಂತ ನೋಡುತ್ತಿದ್ದೆ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಸ್ಟುಡಿಯೋದಲ್ಲಿ ಇಬ್ಬರಿಗೆ ಆಗುವಷ್ಟು ಕೆಲಸ ಉಳಿಯಲಿಲ್ಲ. ನಾನು ಮನೆಯಲ್ಲೇ ನಿಂತು ಹಿತ್ತಲಿಗೆ ಇಳಿದೆ.

ಹಿತ್ತಲು ಅಂದರೆ ದೊಡ್ಡದೇನಲ್ಲ. ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆಮರ, ಅದರಾಚೆ ನಾಲ್ಕು ಪಾತಿ ಮಾಡುವಷ್ಟು ಕೆಂಪುಮಣ್ಣು. ಅಲ್ಲಿಯೂ ನನ್ನ ಕಣ್ಣು ಸ್ಟುಡಿಯೋದ ಕಣ್ಣೇ ಆಗಿತ್ತು. ತಿನ್ನಲು ಏನು ಬೇಕು ಅನ್ನುವುದಕ್ಕಿಂತ ನೋಡಲು ಏನು ಚಂದ ಅಂತ ಬೀಜ ಆರಿಸುತ್ತಿದ್ದೆ. ಬದನೆಯಲ್ಲಿ ಬಿಳಿ ಪಟ್ಟೆಯದ್ದು, ಹರಿವೆಯಲ್ಲಿ ಕೆಂಪು ದಂಟಿನದ್ದು, ಅವರೆಯಲ್ಲಿ ನೇರಳೆ ಸಿಪ್ಪೆಯದ್ದು. ಬೆಳೆದದ್ದನ್ನು ಬೆಳಗಿನ ಬಿಸಿಲಲ್ಲಿ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದರೆ ಹೊಳಲ್ಕೆರೆ, ಹಿರಿಯೂರು ಕಡೆಯ ನೆಂಟರೆಲ್ಲ ಬೀಜ ಕೊಡು ಅಂತ ಕೇಳುತ್ತಿದ್ದರು. ಕೇಳಿಸಿಕೊಳ್ಳುವುದು ನನಗೆ ಇಷ್ಟವಾಗುತ್ತಿತ್ತು.

ಕಾಂಪೌಂಡು ಗೋಡೆಯಾಚೆ ದೊಡ್ಡಮ್ಮನ ಮನೆ. ಸ್ವಂತ ದೊಡ್ಡಮ್ಮ ಅಲ್ಲ, ಬೀದಿಯವರೆಲ್ಲ ಹಾಗೆ ಕರೆಯುತ್ತಿದ್ದರು. ಅವರ ತವರು ಬಾಗೂರಿನ ಆಚೆಯ ಒಂದು ಹಟ್ಟಿ. ಕುರಿ ಸಾಕುವ ಮನೆತನ. ಗಂಡ ತೀರಿಕೊಂಡ ಮೇಲೆ, ಪೇಟೆಯಲ್ಲಿ ಟೈರ್ ಅಂಗಡಿ ಇಟ್ಟಿದ್ದ ಮಗನ ಜೊತೆ ಬಂದು ಇದ್ದರು. ಮಗ, ಸೊಸೆ, ದೊಡ್ಡಮ್ಮ, ಮೂರೇ ಜನ. ಬರುವಾಗ ಹಟ್ಟಿಯಿಂದ ಅವರು ತಂದದ್ದು ಒಂದು ಕಂಬಳಿ, ಒಂದು ಬೀಸುವ ಕಲ್ಲು, ಮತ್ತೆ ಬೂದಿಯಲ್ಲಿ ಹೊರಳಿಸಿ ಡಬ್ಬಿಗೆ ಹಾಕಿಟ್ಟ ಸೋರೆ ಬೀಜ ಅಂತ ಅವರೇ ಹೇಳಿದ್ದರು. ಆ ಬೀಜ ಅವರವ್ವನ ಕಾಲದ್ದು. ಪ್ರತಿ ವರ್ಷ ಒಂದು ಬಳ್ಳಿ ಹಬ್ಬಿಸಿ, ಒಂದು ಕಾಯಿಯನ್ನು ಕೀಳದೆ ಒಣಗಲು ಬಿಟ್ಟು, ಅದರ ಬೀಜವನ್ನೇ ಮುಂದಿನ ಮಳೆಗೆ ಹಾಕುತ್ತಿದ್ದರು.

ಆ ಸೋರೆಯನ್ನು ನಾನು ಬಹಳ ಸಲ ತಿಂದಿದ್ದೇನೆ. ಗಿಡ್ಡ ಕತ್ತಿನ, ಹೊಟ್ಟೆ ದುಂಡಗಿನ, ಎಳೆಹಸಿರು ಬಣ್ಣದ ಕಾಯಿ. ನೋಡಲು ಏನೂ ವಿಶೇಷ ಇಲ್ಲ. ಆದರೆ ಬೇಳೆಗೆ ಹಾಕಿದರೆ ಬೆಣ್ಣೆಯ ಹಾಗೆ ಬೇಯುತ್ತಿತ್ತು. ಒಂದು ರೀತಿಯ ತೆಳು ಸಿಹಿ ಇರುತ್ತಿತ್ತು. ದೊಡ್ಡಮ್ಮ ಎಳೆ ಕಾಯಿ ಕಿತ್ತು ಗೋಡೆಯ ಮೇಲಿಟ್ಟು, ತಗೋ ಕಣವ್ವ, ಇವತ್ತೇ ಮಾಡು, ನಾಳೆಗಾದ್ರೆ ಬಲಿತು ಹೋಗ್ತೈತೆ ಅನ್ನುತ್ತಿದ್ದರು. ನಾನೂ ಕೆಂಪು ಹರಿವೆಯೋ ಬದನೆಯೋ ಆ ಕಡೆ ಇಡುತ್ತಿದ್ದೆ. ನೀವೂ ಬೀಜ ಹಾಕ್ಕಳ್ರಿ ಅಂತ ಸೊಸೆ ಒಮ್ಮೆ ಹೇಳಿದ್ದಳು. ಪಕ್ಕದಲ್ಲೇ ಸಿಗುವುದನ್ನು ನಾನ್ಯಾಕೆ ಹಾಕಲಿ ಅಂತ ಸುಮ್ಮನಾದೆ. ಅದರ ರೂಪ ನನಗೆ ಹಿಡಿಸಿರಲಿಲ್ಲ ಅನ್ನುವುದು ನಿಜವಾದ ಕಾರಣ.

ಕೆಲವು ವರ್ಷದ ಹಿಂದೆ, ಮುಂಗಾರಿಗೆ ಮುಂಚೆ, ಚಿತ್ರದುರ್ಗದಲ್ಲಿ ದೇಸಿ ಬೀಜದ ಮೇಳ ಇದೆ ಅಂತ ಗೊತ್ತಾಗಿ ಬಸ್ಸು ಹತ್ತಿದೆ. ಕಲ್ಯಾಣ ಮಂಟಪವೊಂದರಲ್ಲಿ ಉದ್ದಕ್ಕೂ ಮೇಜು ಹಾಕಿ, ಬುಟ್ಟಿ, ಮೊರ, ಗಾಜಿನ ಬಾಟ್ಲಿಗಳಲ್ಲಿ ಬೀಜ ಇಟ್ಟಿದ್ದರು. ಮದುವೆ ಮನೆಗೆ ಹೋದಷ್ಟು ಖುಷಿ ನನಗೆ. ಕಾಮಕಸ್ತೂರಿ ತಗೊಂಡೆ. ನಮ್ಮಜ್ಜಿ ಮುಡಿಯುತ್ತಿದ್ದಂಥ ಕೆಂಪು ಒಳಮೈಯ ಚೆಂಡುಹೂವಿನ ಬೀಜ ತಗೊಂಡೆ. ನೆಲ ಹಿಡಿದು ಹಬ್ಬುವ ಒಂದು ಸೊಪ್ಪು, ಮೊಲ್ಲೆಯಷ್ಟೇ ಗಾತ್ರದ ಒಂದು ಮೆಣಸಿನಕಾಯಿ ತಗೊಂಡೆ. ಕೊನೆಯ ಮೇಜಿನಲ್ಲಿ ಒಬ್ಬ ಹೆಂಗಸು ಒಣಗಿದ ಸೋರೆ ಬುರುಡೆಗಳನ್ನು ಸಾಲಾಗಿ ನಿಲ್ಲಿಸಿದ್ದಳು. ಉದ್ದ ಕತ್ತು, ಕೆಳಗೆ ಕೊಡದಂಥ ಹೊಟ್ಟೆ, ತಿಕ್ಕಿ ತಿಕ್ಕಿ ಜೇನುಬಣ್ಣಕ್ಕೆ ತಿರುಗಿದ ಮೈ. ಒಂದಕ್ಕೆ ತೂತು ಕೊರೆದು ಒಳಗೆ ಬಲ್ಬು ಇಟ್ಟಿದ್ದಳು. ಆ ಬೆಳಕು ಮೇಜಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು. ನಾನು ಅಲ್ಲೇ ನಿಂತುಬಿಟ್ಟೆ.

ಬೀಜ ಕೊಡುವಾಗ ಆಕೆ ಹೇಳಿದಳು, "ಇದು ತಿನ್ನೋದಲ್ಲ ಅಕ್ಕ, ಕಹಿ ಇರ್ತೈತೆ. ಬುರುಡೆ ಮಾಡಕ್ಕಷ್ಟೆ. ತಿನ್ನೋ ಸೋರೆ ಇದ್ರೆ ಅದರಿಂದ ದೂರ ಹಾಕ್ರಿ."

ಹೂಂ ಅಂದೆ. ಕೇಳಿಸಲಿಲ್ಲ ಅಂತ ಹೇಳುವ ಹಾಗಿಲ್ಲ, ಚೆನ್ನಾಗಿಯೇ ಕೇಳಿಸಿತ್ತು. ನನ್ನ ಹಿತ್ತಲಲ್ಲಿ ತಿನ್ನುವ ಸೋರೆ ಇರಲಿಲ್ಲ. ಗೋಡೆಯಾಚೆ ಇರುವುದು ಆಗ ನೆನಪಿಗೆ ಬಂತು ಕೂಡ. ಅದು ಬೇರೆಯವರ ಮನೆ, ನಡುವೆ ಗೋಡೆ ಇದೆ, ಅಷ್ಟು ದೂರ ಸಾಕು ಅಂದುಕೊಂಡೆ. ನಾನು ಪಿಯುಸಿ ತನಕ ಸೈನ್ಸ್ ಓದಿದವಳು. ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಹೇಗೆ ಹೋಗುತ್ತದೆ ಅಂತ ಚಿತ್ರ ಬಿಡಿಸಿ ಗುರುತಿಸಿದವಳು. ಆ ಚಿತ್ರ ನನ್ನ ತಲೆಗೆ ಆವತ್ತು ಬರಲೇ ಇಲ್ಲ, ಬುರುಡೆಯ ದೀಪವೇ ತುಂಬಿಕೊಂಡಿತ್ತು.

ಬೀಜವನ್ನು ಗೋಡೆಯ ಬುಡದಲ್ಲೇ ಹಾಕಿದೆ. ಬೇರೆ ಕಡೆ ಜಾಗ ಇರಲಿಲ್ಲ ಅಂತಲ್ಲ. ನುಗ್ಗೆಮರದ ಹತ್ತಿರ ಇತ್ತು. ಆದರೆ ಸಂಜೆಯ ಬಿಸಿಲು ಗೋಡೆಯ ಮೇಲೆ ಬೀಳುತ್ತಿದ್ದ ಚಂದ ಅಲ್ಲಿ ಇರಲಿಲ್ಲ. ಬಳ್ಳಿ ಜೋರಾಗಿ ಬಂತು. ಗೋಡೆ ಹತ್ತಿ ಆ ಕಡೆ ಇಣುಕಿತು. ದೊಡ್ಡಮ್ಮನ ಬಳ್ಳಿಯೂ ಚಪ್ಪರ ಬಿಟ್ಟು ಗೋಡೆಯ ಕಡೆ ಬಂದಿತ್ತು. ಸೋರೆ ಹೂವು ಅರಳುವುದು ಹೊತ್ತು ಮುಳುಗುವಾಗ. ಬಿಳೀ ಹೂವುಗಳು ಒಂದೊಂದೇ ಬಿಚ್ಚಿಕೊಂಡು, ಎರಡೂ ಬಳ್ಳಿಯ ಹೂವು ಸೇರಿ ಗೋಡೆಯ ತುಂಬ ನಿಂತಾಗ, ಕಂದುಬಣ್ಣದ ಚಿಟ್ಟೆಗಳು ಬಂದು ಈ ಹೂವಿನಿಂದ ಆ ಹೂವಿಗೆ ಹಾರಾಡುತ್ತಿದ್ದವು. ನಾನು ಅದನ್ನು ಫೋಟೋ ತೆಗೆದೆ. ಒಂದು ಫೋಟೋದಲ್ಲಿ ಚಿಟ್ಟೆಯ ಸೊಂಡಿಲು ಸಮೇತ ಸ್ಪಷ್ಟವಾಗಿ ಬಂತು. ನಮ್ಮ ಮನೆಯವರು ಅದನ್ನು ದೊಡ್ಡದು ಮಾಡಿಸಿ ಸ್ಟುಡಿಯೋದಲ್ಲಿ ತೂಗುಹಾಕಿದರು.

ಆ ವರ್ಷ ಯಾರಿಗೂ ಏನೂ ಆಗಲಿಲ್ಲ. ದೊಡ್ಡಮ್ಮನ ಸೋರೆ ಎಂದಿನ ಹಾಗೆ ಸಿಹಿಯಾಗಿಯೇ ಇತ್ತು, ನಾವೂ ತಿಂದೆವು. ಬಳ್ಳಿಗಳು ಬೆರೆತರೂ ಆ ವರ್ಷದ ಕಾಯಿಯ ರುಚಿ ತಾಯಿ ಬಳ್ಳಿಯದೇ ಇರುತ್ತದೆ, ಕೆಡುವುದು ಒಳಗಿನ ಬೀಜ ಅಂತ ನನಗೆ ಆಮೇಲೆ ತಿಳಿಯಿತು. ನನ್ನ ಬುರುಡೆಗಳು ಒಣಗಿದವು. ಕೆರೆದು, ಉಜ್ಜಿ, ಎಣ್ಣೆ ಸವರಿ ದೀಪ ಮಾಡಿದೆ. ದೊಡ್ಡಮ್ಮನಿಗೂ ಒಂದು ಕೊಟ್ಟೆ. ಅವರು ಅದನ್ನು ದೇವರ ಗೂಡಿನ ಪಕ್ಕ ಇಟ್ಟುಕೊಂಡರು.

ಮಾರನೆಯ ವರ್ಷ ಮಳೆ ಬಿದ್ದಾಗ ನಾನು ಸೋರೆ ಹಾಕಲಿಲ್ಲ. ಬುರುಡೆ ಸಾಕಷ್ಟು ಆಗಿದ್ದವು. ದೊಡ್ಡಮ್ಮ ಡಬ್ಬಿಯಿಂದ ಬೀಜ ತೆಗೆದು ಹಾಕಿದರು. ಆ ಹೊತ್ತಿಗೆ ಅವರ ಮಗನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿತ್ತು. ಮಾತ್ರೆಯ ಜೊತೆಗೆ ಅವನು ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಮಾಡುತ್ತಿದ್ದ. ಬೆಳಗೆದ್ದು ಖಾಲಿ ಹೊಟ್ಟೆಗೆ ಹಸಿ ಸೋರೆಯ ರಸ ಕುಡಿದರೆ ಒಳ್ಳೆಯದು ಅಂತ ಯಾರೋ ಹೇಳಿದ್ದರಂತೆ. ಅವ್ವನ ಬಳ್ಳಿಯಲ್ಲಿ ಮೊದಲ ಕಾಯಿ ಬಲಿಯುವುದನ್ನೇ ಕಾಯುತ್ತಿದ್ದ. ಒಂದು ದಿನ ಬೆಳಗ್ಗೆ, ಮನೆಯಲ್ಲಿ ಹೆಂಗಸರು ಏಳುವ ಮುಂಚೆ, ತಾನೇ ಕಿತ್ತು ಮಿಕ್ಸಿಗೆ ಹಾಕಿ ಒಂದು ದೊಡ್ಡ ಲೋಟ ಕುಡಿದ. ಕಹಿ ಇತ್ತಂತೆ. ಕಹಿ ಇದ್ದರೆ ಸಕ್ಕರೆಗೆ ಇನ್ನೂ ಒಳ್ಳೆಯದು ಅಂದುಕೊಂಡು ಉಳಿದದ್ದನ್ನೂ ಕುಡಿದ.

ನಾನು ಪಾತ್ರೆ ತೊಳೆಯುತ್ತಿದ್ದಾಗ ಸೊಸೆ ಕೂಗಿದ್ದು ಕೇಳಿಸಿತು. ಓಡಿ ಹೋದೆ. ಅವನು ಬಚ್ಚಲ ಮನೆಯ ಬಾಗಿಲಲ್ಲಿ ಕುಸಿದು ಕೂತಿದ್ದ. ವಾಂತಿಯಲ್ಲಿ ರಕ್ತ ಇತ್ತು. ಮೈ ತಣ್ಣಗಾಗಿ ಬೆವರುತ್ತಿತ್ತು. ನಮ್ಮ ಮನೆಯವರು ಕಾರು ತಂದರು. ಹೊಸದುರ್ಗದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಚಿತ್ರದುರ್ಗಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಸೊಸೆ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಾತಾಡಿಸುತ್ತಲೇ ಇದ್ದಳು. ದೊಡ್ಡಮ್ಮ ಮುಂದಿನ ಸೀಟಿನಲ್ಲಿ ಕೂತು ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ.

ಏನು ತಿಂದ, ಏನು ಕುಡಿದ ಅಂತ ಡಾಕ್ಟರು ಕೇಳಿದರು. ಸೋರೆ ರಸ, ಕಹಿ ಇತ್ತು ಅಂತ ಅವನೇ ಕ್ಷೀಣವಾಗಿ ಹೇಳಿದ. ಅದೇ ಕಾರಣ ಅಂದರು. ಕಹಿ ಸೋರೆಯಲ್ಲಿ ವಿಷ ಇರುತ್ತದೆ, ಇನ್ನಷ್ಟು ತಡ ಮಾಡಿದ್ದರೆ ಕಷ್ಟವಾಗುತ್ತಿತ್ತು ಅಂತ ಸೊಸೆಗೆ ಬಿಡಿಸಿ ಹೇಳಿದರು. ಸೊಸೆ ಹೊರಗೆ ಬಂದು ಅತ್ತೆಯ ಮುಂದೆ ನಿಂತಳು. ಜೋರು ಮಾಡಲಿಲ್ಲ. "ಅತ್ತೆ, ನೀವು ಬೆಳೆಸಿದ್ದೇ ಅಂತೆ," ಅಂದಳು. ದೊಡ್ಡಮ್ಮ ಬೆಂಚಿನ ಮೇಲೆ ಕೂತಲ್ಲೇ ಕೈ ಎರಡನ್ನೂ ಸೆರಗಿನೊಳಗೆ ಎಳೆದುಕೊಂಡರು, ಚಳಿಗೆ ಎಳೆದುಕೊಂಡ ಹಾಗೆ.

ಕಹಿ ಅನ್ನುವ ಮಾತು ಕೇಳಿದಾಗಲೇ ನನಗೆ ಮೇಳದ ಆ ಕೊನೆಯ ಮೇಜು ನೆನಪಾಗಿತ್ತು. ಆಸ್ಪತ್ರೆಯ ಹೊರಗೆ ಬಂದು, ಮೇಳದಲ್ಲಿ ಬುರುಡೆ ಬೀಜ ಕೊಟ್ಟಿದ್ದ ಹೆಂಗಸಿಗೆ ಫೋನ್ ಮಾಡಿದೆ. ಬೀಜದ ಪೊಟ್ಟಣದ ಮೇಲಿದ್ದ ಆಕೆಯ ನಂಬರನ್ನು ಸೇವ್ ಮಾಡಿಕೊಂಡಿದ್ದೆ. ಪಕ್ಕದ ಮನೆಯವರ ಸೋರೆ ಈ ವರ್ಷ ಕಹಿ ಬಂದಿದೆ, ಹೋದ ವರ್ಷ ನಿಮ್ಮ ಬೀಜ ನನ್ನ ಹಿತ್ತಲಲ್ಲಿತ್ತು, ಅದರಿಂದ ಆಗಿರಬಹುದಾ ಅಂತ ಕೇಳಿದೆ. ಆಕೆ, "ದೂರ ಹಾಕ್ರಿ ಅಂದಿದ್ನಲ್ಲ ಅಕ್ಕ," ಅಂದಳು.

ಮಗ ಉಳಿದುಕೊಂಡ. ಕೆಲವು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ನಾನು ನಮ್ಮ ಮನೆಯವರಿಗೆ ವಿಷಯ ಹೇಳಿದೆ. ಅವರು ಕೆಟ್ಟವರಲ್ಲ, ಆದರೆ ತಕರಾರು ಕಂಡರೆ ಆಗುವುದಿಲ್ಲ. ಈಗ ಹೇಳಿದರೆ ಹೋದ ಸಂಕಟ ವಾಪಸ್ ಬರುತ್ತದೆಯೇ, ಪಕ್ಕದ ಮನೆಯವರ ಜೊತೆ ಜನ್ಮಪೂರ್ತಿ ಹಗೆ ಯಾಕೆ, ಅವನು ಹುಷಾರಾದನಲ್ಲ, ಸುಮ್ಮನಿರು ಅಂದರು. ಸುಮ್ಮನಿರುವುದು ನನಗೂ ಸುಲಭವಾಗಿ ಬಂತು. ಗಂಜಿ ಮಾಡಿ ಕೊಟ್ಟು ಬರುತ್ತಿದ್ದೆ. ಎಳನೀರು ತರಿಸಿ ಕೊಡುತ್ತಿದ್ದೆ. ನೀವಿಲ್ಲದಿದ್ರೆ ಏನು ಗತಿ ಅಕ್ಕ ಅಂತ ಸೊಸೆ ಅನ್ನುವಳು. ಲೋಟ ತೊಳೆದುಕೊಂಡು ಬೇಗ ಎದ್ದು ಬರುತ್ತಿದ್ದೆ.

ಆ ಮನೆಯಲ್ಲಿ ದೊಡ್ಡಮ್ಮನ ಪಾಡು ನನ್ನ ಕಣ್ಣೆದುರೇ ಬದಲಾಯಿತು. ಅವರು ಬಳ್ಳಿಯನ್ನು ಬುಡಸಮೇತ ಕಿತ್ತು ಹಾಕಿದ್ದರು. ಚಪ್ಪರದ ಕೋಲನ್ನು ಮಗ ಬಿಚ್ಚಿಸಿದ. ಇನ್ನು ಮೇಲೆ ಮನೆಯಲ್ಲಿ ಬೆಳೆದದ್ದು ಒಲೆಗೆ ಹೋಗುವುದು ಬೇಡ, ಎಲ್ಲ ಸಂತೆಯಿಂದ ತರುತ್ತೇನೆ ಅಂದ. ಕೊತ್ತಂಬರಿಯನ್ನೂ ಬಿಡಲಿಲ್ಲ. ಸಾರಿಗೆ ಒಗ್ಗರಣೆ ಹಾಕಲು ಅತ್ತೆ ಹೋದರೆ ಸೊಸೆ ಮೆಲ್ಲಗೆ ಸೌಟು ತೆಗೆದುಕೊಳ್ಳುತ್ತಿದ್ದಳು. ಬೇಕೆಂದು ನೋಯಿಸುತ್ತಿದ್ದಳು ಅಂತಲ್ಲ, ಹೆದರಿಕೆ ಅವಳಿಗೆ. ದೊಡ್ಡಮ್ಮ ಎದುರು ಆಡಲಿಲ್ಲ. ವಯಸ್ಸಾಗಿ ತನ್ನ ಕೈ ಕೆಟ್ಟಿದೆ, ಇಲ್ಲವಾದರೆ ಅವ್ವನ ಬೀಜ ವಿಷ ಆಗುತ್ತಿತ್ತೇ ಅಂತ ನನ್ನ ಹತ್ತಿರ ಹೇಳಿದರು. ಆವತ್ತು ಬೀಜದ ಡಬ್ಬಿಯನ್ನು ಗೋಡೆಯ ಮೇಲಿಟ್ಟು, ಇದನ್ನ ನೀನೇ ಎಲ್ಲಾದ್ರೂ ದೂರ ಬಿಸಾಕಿಬಿಡು ಕಣವ್ವ, ನನ್ನ ಕೈಯಲ್ಲಿ ಆಗಲ್ಲ ಅಂದರು.

ಆ ಡಬ್ಬಿ ಕೈಯಲ್ಲಿ ಹಿಡಿದು ನಿಂತಾಗ ಬಾಯಿಬಿಟ್ಟೆ. ತಪ್ಪು ನಿಮ್ಮ ಕೈಯದಲ್ಲ, ನನ್ನದು. ನನ್ನ ಬುರುಡೆ ಸೋರೆಯ ಹೂವಿನ ಹುಡಿ ಚಿಟ್ಟೆಯ ಜೊತೆ ನಿಮ್ಮ ಹೂವಿಗೆ ಬಂದು ಬೀಜ ಬೆರೆತಿದೆ ಅಂತ ನನಗೆ ತಿಳಿದ ಹಾಗೆ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡರು. ಆಮೇಲೆ ಗೋಡೆಯ ಮೇಲಿದ್ದ ನನ್ನ ಕೈಯನ್ನು ತಟ್ಟಿದರು.

"ಚಿಟ್ಟೆ ನಿಮ್ಮ ಮನೆಗೂ ಬರ್ತವೆ, ನಮ್ಮ ಮನೆಗೂ ಬರ್ತವೆ. ನನ್ನ ಸಮಾಧಾನಕ್ಕೆ ಅಂತ ನಿನ್ನ ಮೇಲೆ ಯಾಕೆ ಹಾಕ್ಕಂತೀಯ. ನೀನು ಒಳ್ಳೇಳು ಕಣವ್ವ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತು ತಡೆಯಲಾಗಲಿಲ್ಲ. ಮನೆಯೊಳಗೆ ಬಂದು ಅಡುಗೆ ಮನೆಯಲ್ಲಿ ಸುಮ್ಮನೆ ನಿಂತೆ. ನಾನು ಹೇಳಬೇಕಾದ್ದು ದೊಡ್ಡಮ್ಮನಿಗಲ್ಲ, ಅವರ ಕೈಯಿಂದ ಸೌಟು ತೆಗೆದುಕೊಳ್ಳುವವರಿಗೆ ಅಂತ ಆಗ ಹೊಳೆಯಿತು. ಇಷ್ಟು ದಿನ ಸುಲಭದ ಜಾಗ ಹುಡುಕಿದ್ದೆ.

ಮಾರನೆಯ ದಿನ ಸಂಜೆ, ಮಗ ಅಂಗಡಿಯಿಂದ ಬಂದ ಮೇಲೆ ಹೋದೆ. ನಮ್ಮ ಮನೆಯವರು ಬರುವುದಿಲ್ಲ ಅಂದರು, ಆದರೆ ತಡೆಯಲಿಲ್ಲ. ಮಗ ಜಗಲಿಯ ಮೇಲೆ ಕೂತಿದ್ದ. ಮುಖ ಇನ್ನೂ ಇಳಿದೇ ಇತ್ತು. ಬರ್ರಿ ಅಕ್ಕ, ಕುಂತ್ಕಳ್ರಿ ಅಂದ. ನಾನು ನಿಂತೇ ಹೇಳಿದೆ. ಮೊಬೈಲಿನಲ್ಲಿದ್ದ ಆ ಫೋಟೋ, ಎರಡೂ ಬಳ್ಳಿಯ ಹೂವು, ನಡುವೆ ಚಿಟ್ಟೆ, ಅದನ್ನೇ ತೋರಿಸಿದೆ. ಸೊಸೆಯೂ ಬಂದು ನಿಂತಳು. ಎಲ್ಲ ಹೇಳಿ ಮುಗಿಸಿದೆ ಅಂದುಕೊಂಡಾಗ ಅವನು ಕೇಳಿದ, "ನಿಮಗೆ ಗೊತ್ತಿರಲಿಲ್ಲ ಅಲ್ವಾ ಅಕ್ಕ, ಹಿಂಗಾಗ್ತೈತೆ ಅಂತ?"

ಅಲ್ಲಿ ಒಂದು ದಾರಿ ತೆರೆದಿತ್ತು. ಹೌದು ಗೊತ್ತಿರಲಿಲ್ಲ ಅಂದಿದ್ದರೆ ಅವನು ಅಷ್ಟಕ್ಕೇ ಬಿಡುತ್ತಿದ್ದ. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ.

"ದೂರ ಹಾಕು ಅಂತ ಬೀಜ ಕೊಟ್ಟವಳು ಹೇಳಿದ್ದಳು," ಅಂದೆ. "ನಾನು ಹಾಕಲಿಲ್ಲ. ಗೋಡೆ ಮೇಲೆ ಚೆನ್ನಾಗಿ ಕಾಣುತ್ತೆ ಅಂತ ಅಲ್ಲೇ ಹಾಕಿದೆ."

ಅವನು ಇನ್ನೊಂದು ಸಲ ಆ ಫೋಟೋ ನೋಡಿದ. ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟ. ಆಮೇಲೆ ಒಳಗೆ ನೋಡಿ, "ಅವ್ವ, ಬಾ ಇಲ್ಲಿ," ಅಂದ. ದೊಡ್ಡಮ್ಮ ಬಂದರು. ಇನ್ನೊಂದ್ಸಲ ಅವ್ವನ ಮುಂದೆ ಹೇಳ್ರಿ ಅಂದ. ಹೇಳಿದೆ. ಎರಡನೇ ಸಲ ಹೇಳುವಾಗ ಮಾತು ಚಿಕ್ಕದಾಯಿತು. ಮಗ ನೆಲ ನೋಡುತ್ತಿದ್ದ. ಅವ್ವನ ಜೊತೆ ತಾನು ನಡೆದುಕೊಂಡದ್ದು ಅವನಿಗೂ ಕುಟುಕಿರಬೇಕು. ಸೊಸೆ ಅತ್ತೆಯ ಹತ್ತಿರ ಹೋಗಿ ನಿಂತಳು.

ದೊಡ್ಡಮ್ಮ ನನ್ನನ್ನೇ ನೋಡಿದರು. ಈ ಸಲ ನಂಬಿದರು ಅಂತ ಅವರ ಮುಖದಲ್ಲೇ ಗೊತ್ತಾಯಿತು. "ಹಂಗಾದ್ರೆ ನನ್ನ ಕೈಯೇನೂ ಕೆಟ್ಟಿರಲಿಲ್ಲ," ಅಂದರು. ನನಗೆ ಹೇಳಿದ್ದಲ್ಲ ಅದು. ಒಳಗೆ ಹೋದರು.

ಅವರು ಅಡುಗೆ ಮನೆಗೆ ಮರಳಿದರು. ಬೆಳಗ್ಗೆ ಒಗ್ಗರಣೆಯ ಸದ್ದಿನ ಜೊತೆಗೆ ಅವರು ಸೊಸೆಗೆ ಏನೋ ಹೇಳುತ್ತಿರುವ ದನಿ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಅಷ್ಟಾಯಿತಲ್ಲ ಅನ್ನುವ ಸಮಾಧಾನ ಇತ್ತು. ಆದರೆ ನನ್ನ ಜೊತೆ ಅವರು ಮಾತು ಬಿಟ್ಟರು. ಜಗಳ ಇಲ್ಲ, ಮುಖ ತಿರುಗಿಸುವುದಿಲ್ಲ. ಗೋಡೆಯ ಹತ್ತಿರ ಬರುವುದೇ ನಿಂತಿತು. ಬುರುಡೆಯ ದೀಪ ಒಂದು ದಿನ ನಮ್ಮ ಗೇಟಿನ ಒಳಗೆ ಇತ್ತು. ಒಡೆದಿರಲಿಲ್ಲ, ಒರೆಸಿ ಇಟ್ಟಿದ್ದರು. ನಾನು ನನ್ನ ಹತ್ತಿರ ಇದ್ದ ಬುರುಡೆಗಳ ಜೊತೆ ಅದನ್ನೂ ಒಲೆಗೆ ಹಾಕಿದೆ. ಸ್ಟುಡಿಯೋದ ಫೋಟೋ ಇಳಿಸಲು ಹೇಳಿದೆ. ಗಿರಾಕಿಗಳು ಮೆಚ್ಚುತ್ತಾರೆ ಅಂತ ನಮ್ಮ ಮನೆಯವರು ಗೊಣಗಿದರು, ಇಳಿಸಿದರು.

ಡಬ್ಬಿ ಮಾತ್ರ ಬಿಸಾಕಿರಲಿಲ್ಲ. ಬೀಜ ಕೊಟ್ಟವಳಿಗೆ ಮತ್ತೆ ಫೋನ್ ಮಾಡಿ, ಇದರಲ್ಲಿ ಏನಾದರೂ ಉಳಿದಿರಬಹುದಾ ಅಂತ ಕೇಳಿದೆ. ಒಂದೇ ಕಾಯಿಯ ಬೀಜ ಆದರೂ ಎಲ್ಲವೂ ಬೆರೆತಿರಬೇಕು ಅಂತಿಲ್ಲ, ಕೆಲವಕ್ಕೆ ತನ್ನದೇ ಬಳ್ಳಿಯ ಹುಡಿ ಬಿದ್ದಿರಬಹುದು ಅಂದಳು. ಹಾಕಿ ಬೆಳೆಸಿ, ಪ್ರತಿ ಬಳ್ಳಿಯ ಮೊದಲ ಹೀಚನ್ನು ಚೂರು ನಾಲಿಗೆಗೆ ಮುಟ್ಟಿಸಿ ಉಗುಳಿ ನೋಡಬೇಕು, ಕಹಿ ಇದ್ದದ್ದನ್ನು ಆಗಲೇ ಕೀಳಬೇಕು, ಸಿಹಿ ಸಿಕ್ಕರೆ ಅದರ ಹೂವನ್ನು ಕಟ್ಟಿ ಕಾಪಾಡಬೇಕು. ನುಂಗಬೇಡ್ರಿ ಅಂತ ಎರಡು ಸಲ ಹೇಳಿದಳು.

ಮುಂದಿನ ಮಳೆಗೆ ನನ್ನ ಹಿತ್ತಲಿನ ಬದನೆ, ಹರಿವೆ, ಚೆಂಡುಹೂ ಎಲ್ಲ ತೆಗೆದು ಬರೀ ಆ ಡಬ್ಬಿಯ ಬೀಜ ಹಾಕಿದೆ. ನೆಂಟರು ಫೋಟೋ ಎಲ್ಲಿ ಅಂತ ಕೇಳಿದರು, ಈ ವರ್ಷ ಏನೂ ಇಲ್ಲ ಅಂದೆ. ಪಕ್ಕದ ಮನೆಗೆ ಹೋಗಿ ಮಗನಿಗೆ ಮಾತ್ರ ತಿಳಿಸಿದೆ, ನಾನು ಇಂಥದ್ದು ಹಾಕುತ್ತಿದ್ದೇನೆ, ಒಂದು ಕಾಯಿಯೂ ಗೋಡೆ ದಾಟುವುದಿಲ್ಲ ಅಂತ. ಅವನು ಹೂಂ ಅಂದ.

ಬಳ್ಳಿಗಳು ಬಂದವು. ಒಂದು ದಿನ ಬೆಳಗ್ಗೆ ನಾನು ಬಳ್ಳಿಗೆ ಹಗ್ಗ ಕಟ್ಟುತ್ತಿದ್ದಾಗ ಗೋಡೆಯಾಚೆಯಿಂದ, "ತುದಿ ಚಿವುಟಬೇಕು ಅದರದ್ದು, ಬರೀ ಗಂಡು ಹೂವೇ ಬಿಡ್ತೈತೆ ಇಲ್ಲಾಂದ್ರೆ," ಅಂತ ಕೇಳಿಸಿತು. ತಿರುಗಿ ನೋಡುವಷ್ಟರಲ್ಲಿ ದೊಡ್ಡಮ್ಮ ಬಟ್ಟೆ ಹರವುತ್ತಾ ಆ ಕಡೆ ಹೋಗಿದ್ದರು. ಎಲ್ಲ ತುದಿ ಚಿವುಟಿದೆ. ಕೈಯಲ್ಲಿ ಸಂಜೆಯ ತನಕ ಸೋರೆ ಎಲೆಯ ವಾಸನೆ ಇತ್ತು.

ಮೊದಲ ಹೀಚು ಬಂದಾಗ ಚಾಕು, ಒಂದು ಚೊಂಬು ನೀರು ಇಟ್ಟುಕೊಂಡು ಕೂತೆ. ಬಾಗಿಲಲ್ಲಿ ನಿಂತ ನಮ್ಮ ಮನೆಯವರು, ಇದೊಂದು ಶಿಕ್ಷೆ ನಿನಗೆ ನೀನೇ ಕೊಟ್ಟುಕೊಂಡದ್ದು ಅಂದರು. ಶಿಕ್ಷೆಯೋ ಏನೋ, ನನಗಂತೂ ಬೇರೆ ಯಾರ ನಾಲಿಗೆಯನ್ನೂ ಕೇಳುವ ಮುಖ ಇರಲಿಲ್ಲ. ಉಗುರಿನಷ್ಟು ಚೂರು ನಾಲಿಗೆಯ ತುದಿಗೆ ಮುಟ್ಟಿಸಿದರೆ ಸಾಕಿತ್ತು. ಬಾಯೆಲ್ಲ ಮುದುಡಿಕೊಳ್ಳುವಂಥ ಕಹಿ. ಬೇವಿನದಲ್ಲ, ಹಾಗಲದ್ದೂ ಅಲ್ಲ. ಉಗುಳಿ ಬಾಯಿ ತೊಳೆದರೂ ಊಟದ ತನಕ ಹೋಗುತ್ತಿರಲಿಲ್ಲ. ಇದನ್ನು ಅವನು ಒಂದು ಲೋಟ ಕುಡಿದಿದ್ದ. ಆ ಬಳ್ಳಿ ಕಿತ್ತೆ. ಮುಂದಿನದ್ದೂ ಕಹಿ. ಅದರ ಮುಂದಿನದ್ದೂ. ಒಂದೊಂದು ಬಳ್ಳಿ ಕೀಳುವಾಗಲೂ ಕತ್ತು ನೋಡುತ್ತಿದ್ದೆ. ಕೆಲವಕ್ಕೆ ಕತ್ತು ಉದ್ದವಾಗಿ, ಚಂದವಾಗಿ ಬಂದಿತ್ತು. ನಾನು ಮೆಚ್ಚಿ ತಂದ ಚಂದವೇ ಅದು.

ಉಳಿದವು ಸ್ವಲ್ಪವೇ ಅನ್ನುವಾಗ, ನುಗ್ಗೆಮರದ ಕಡೆಯ ಒಂದು ಬಳ್ಳಿಯ ಹೀಚು ಕಹಿ ಇರಲಿಲ್ಲ. ನಂಬಿಕೆ ಬರದೆ ಮತ್ತೆ ಮುಟ್ಟಿಸಿದೆ. ಸಪ್ಪೆ, ಅದರ ಹಿಂದೆ ಆ ತೆಳು ಸಿಹಿ. ಉಳಿದ ಬಳ್ಳಿಗಳನ್ನೆಲ್ಲ ಅವತ್ತೇ ಕಿತ್ತೆ. ಆವತ್ತಿನಿಂದ ಹೊತ್ತು ಮುಳುಗುವ ಮುಂಚೆ, ಅರಳಲಿರುವ ಹೆಣ್ಣು ಮೊಗ್ಗನ್ನೂ ಗಂಡು ಮೊಗ್ಗನ್ನೂ ದಾರದಿಂದ ಮೆತ್ತಗೆ ಕಟ್ಟಿ, ಅರಳುವ ಹೊತ್ತಿಗೆ ಬಿಚ್ಚಿ, ಗಂಡು ಹೂವನ್ನು ಹೆಣ್ಣು ಹೂವಿಗೆ ತಾಗಿಸಿ ಮತ್ತೆ ಕಟ್ಟುತ್ತಿದ್ದೆ. ಚಿಟ್ಟೆಗಳು ಬಂದು ಕಟ್ಟಿದ ಹೂವಿನ ಸುತ್ತ ಸುತ್ತಿ ಹೋಗುತ್ತಿದ್ದವು.

ಕಾಯಿ ತುಂಬಿಕೊಂಡಾಗ ಪಕ್ಕದ ಮನೆಯ ಬಾಗಿಲಿಗೆ ಹೋಗಿ, ದೊಡ್ಡಮ್ಮ, ಒಂದ್ಸಲ ಬಂದು ನೋಡ್ರಿ ಅಂತ ಕರೆದೆ. ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಸೊಸೆ ಹೋಗಿ ಬರ್ರಿ ಅತ್ತೆ ಅಂದಳು. ಬಂದರು. ಬಳ್ಳಿಯ ಕೆಳಗೆ ಕೂತು ಕಾಯಿಯನ್ನು ಕೀಳದೆ ಎರಡೂ ಅಂಗೈಯಲ್ಲಿ ಎತ್ತಿ ಹಿಡಿದು ಕತ್ತು, ಹೊಟ್ಟೆ, ತೊಟ್ಟು ಎಲ್ಲ ಸವರಿ ನೋಡಿದರು.

"ಕತ್ತು ಒಂಚೂರು ಉದ್ದ ಆಗೈತೆ," ಅಂದರು.

ನನಗೆ ಹಾಗೆ ಕಾಣಲಿಲ್ಲ. ಬೆರೆತದ್ದರಿಂದ ಉದ್ದ ಆಗಿದೆಯೋ, ಅವರ ಮನಸ್ಸಿನಲ್ಲಿರುವ ಕಾಯಿಯ ಹಾಗೆ ಇನ್ನು ಯಾವುದೂ ಕಾಣುವುದಿಲ್ಲವೋ, ನನಗೆ ಈಗಲೂ ಗೊತ್ತಿಲ್ಲ. ಪಕ್ಕದ ಒಂದು ಎಳೆ ಕಾಯಿಯ ಚೂರು ಕೊಯ್ದು ನಾನು ಮೊದಲು ಬಾಯಿಗಿಟ್ಟು, ಆಮೇಲೆ ಅವರಿಗೆ ಕೊಟ್ಟೆ. ಅಗಿದರು, ಉಗುಳಲಿಲ್ಲ. ಅವ್ವನದೇ ಅಂತ ಹೇಳಕ್ಕಾಗಲ್ಲ, ಹತ್ತಿರ ಐತೆ ಅಂದರು. ಹೂವು ಕಟ್ಟಿ ಕಾಪಾಡಿದ ಕಾಯಿಗಳಲ್ಲಿ ಬೀಜಕ್ಕೆ ಯಾವುದನ್ನು ಬಿಡೋಣ ಅಂತ ಕೇಳಿದೆ. ನನಗೆ ದೊಡ್ಡ ಕಾಯಿ ಮನಸ್ಸಿನಲ್ಲಿತ್ತು. ಅವರು ಬುಡದ ಹತ್ತಿರ ನೆಲಕ್ಕೆ ತಾಗಿಕೊಂಡಿದ್ದ ಗಿಡ್ಡ ಕಾಯಿಯನ್ನು ಆರಿಸಿ, ಅದರ ಕೆಳಗೆ ಒಂದು ಚಪ್ಪಟೆ ಕಲ್ಲು ಜಾರಿಸಿದರು.

ಅದು ಒಣಗಿದಾಗ ಒಡೆದು ಬೀಜ ಹಂಚಿಕೊಂಡೆವು. ಈ ವರ್ಷ ಮಗ ಅವ್ವನ ಹಿತ್ತಲಲ್ಲಿ ಕೋಲು ನೆಟ್ಟು ಚಪ್ಪರ ಹಾಕಿಕೊಟ್ಟಿದ್ದಾನೆ. ಅವನು ಸೋರೆ ಮುಟ್ಟುವುದಿಲ್ಲ. ವಾಸನೆ ಬಂದರೂ ಎದ್ದು ಜಗಲಿಗೆ ಹೋಗುತ್ತಾನಂತೆ. ಸೊಸೆ ತಿನ್ನುತ್ತಾಳೆ, ಮೊದಲು ಚೂರು ನಾಲಿಗೆಗೆ ಮುಟ್ಟಿಸಿ. ದೊಡ್ಡಮ್ಮ ಗೋಡೆಯ ಹತ್ತಿರ ಬರುತ್ತಾರೆ, ಮಳೆ, ಹುಳ, ಗೊಬ್ಬರದ ಮಾತಾಡುತ್ತಾರೆ. ಕಣವ್ವ ಅನ್ನುವುದನ್ನು ಬಿಟ್ಟಿದ್ದಾರೆ. ಒಂದೊಂದು ಬಳ್ಳಿಯೂ ಮೊದಲ ಹೀಚು ಬಿಟ್ಟಾಗ ಅವರೇ ಚಾಕು ತಂದು ನನ್ನನ್ನು ಕರೆಯುತ್ತಾರೆ. ನಾನು ಹೋಗಿ ರುಚಿ ನೋಡುತ್ತೇನೆ. ನಾನು ಹೂಂ ಅನ್ನುವ ತನಕ ಅವರು ನನ್ನ ಬಾಯಿಯನ್ನೇ ನೋಡುತ್ತಾ ನಿಂತಿರುತ್ತಾರೆ.